ಕಲ್ಲಿನಲ್ಲಿ ಉಳಿದ ಬಂಗಾರ

ಇಂಗ್ಲಂಡದ ಸಫೋಕ್ ಪ್ರಾಂತದ ಸಟನ್ ಹೂ ಎಂಬಲ್ಲಿ 1939ರಲ್ಲಿ ಒಂದು ದಿಬ್ಬವನ್ನು ಅಗಿಯಲಾಗಿ, ಸುಮಾರು 27 ಮೀಟರ್ ಉದ್ದದ ಹಡಗಿನ ಅಚ್ಚು ಮಣ್ಣಿನಲ್ಲಿ ಕಾಣಿಸಿತು. ಅದು ಏಳನೆಯ ಶತಮಾನದ ಆರಂಭದ ಆಂಗ್ಲೊ-ಸ್ಯಾಕ್ಸನ್ ಅರಸನೊಬ್ಬನ ಸಮಾಧಿಯೆಂದು ವಿದ್ವಾಂಸರು ಬಗೆಯುತ್ತಾರೆ. ಅಲ್ಲಿ ಸಿಕ್ಕ ನಡುಪಟ್ಟಿಯ ಬಂಗಾರದ ಬಕ್ಕಲ್ ಒಂದೇ 400 ಗ್ರಾಂ ಮೀರಿ ತೂಗುವದು. ಭುಜದ ಕೊಂಡಿಗಳ ತುಂಬ ಗಾರ್ನೆಟ್ ಎಂಬ ಕೆಂಪು ಹರಳು. ಆ ಕಾಲದ ಯುರೋಪಿನ ಒಡವೆಗಳಿಗೆ ಇಂಥ ಹರಳುಗಳು ಭಾರತ, ಸಿಂಹಳಗಳಿಂದಲೂ ಹೋಗುತ್ತಿದ್ದವು!

ಅದೇ ಕಾಲಕ್ಕೆ ನಮ್ಮಲ್ಲಿ ಬಾದಾಮಿಯಿಂದ ಇಮ್ಮಡಿ ಪುಲಕೇಶಿ ಆಳುತ್ತಿದ್ದನು. ಆದರೆ ಚಲುಕ್ಯರ ಕಾಲದ್ದೆಂದು ಕೈಯಲ್ಲಿ ಹಿಡಿದು ನೋಡುವಂಥ ಒಡವೆ ದೊರೆಯುವದು ತೀರ ಅಪರೂಪ. ಬಡತನ ಇದಕ್ಕೆ ಕಾರಣವಲ್ಲ. ಸತ್ತವರನ್ನು ಸುಡಲಿ, ಹೂಳಲಿ, ಮೈಮೇಲಿನ ಬಂಗಾರವನ್ನು ಬಿಚ್ಚಿಕೊಳ್ಳುವದು ನಮ್ಮ ರೂಢಿ. ಬಿಚ್ಚಿದ್ದು ಅಕ್ಕಸಾಲಿಗನ ಮೂಸೆಗೆ ಹೋಗಿ ಮತ್ತೊಂದು ರೂಪ ತಾಳುವದು. ನಮ್ಮ ಅಜ್ಜಿಯ ಬೋರಮಾಳ ಅವ್ವನ ಬಳೆಯಾಯಿತು. ನಾನು ಕಾಲೇಜು ಸೇರಿದ ವರ್ಷ ಆ ಬಳೆಯೂ ಪೇಟೆಗೆ ಹೋಯಿತು. ಈಗ ಅದು ಯಾರ ಕೊರಳಲ್ಲಿದೆಯೋ!

ಆದ್ದರಿಂದ ಆ ಕಾಲದ ಆಭರಣಗಳನ್ನು ನೋಡಬೇಕೆನ್ನುವವರು ಕಲ್ಲಿನ ಕಡೆಗೆ ಹೋಗಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ. ಶ. 578ರ ಶಾಸನವಿದೆ, ಎಂದರೆ ಆ ಶಿಲ್ಪಗಳ ಕಾಲಕ್ಕೆ ಒಂದು ಗಟ್ಟಿ ಆಧಾರ ದೊರೆತಂತಾಯಿತು. ಅಲ್ಲಿ ಕಂಬಗಳ ಮೇಲ್ಗಡೆಯ ದಂಪತಿಗಳನ್ನು ಕತ್ತೆತ್ತಿ ನಿಧಾನವಾಗಿ ನೋಡಬೇಕು. ಕಿವಿಗೆ ದೊಡ್ಡ ಓಲೆ, ಕೊರಳಿಗೆ ಹಾರ, ತೋಳಿಗೆ ಕೇಯೂರ, ನಡುವಿಗೆ ಡಾಬಿನಂಥ ಪಟ್ಟಿ. ಗಂಡಸರಿಗೂ ಒಡವೆ ಕಡಿಮೆಯಿಲ್ಲ. ಮೊದಲನೆಯ ಗುಹೆಯ ಅರ್ಧನಾರೀಶ್ವರನಂತೂ ಒಂದೇ ಮೈಯಲ್ಲಿ ಎರಡು ಪಾಠ ಹೇಳುವನು: ಶಿವನ ಭಾಗಕ್ಕೆ ಹಾವು, ಪಾರ್ವತಿಯ ಭಾಗಕ್ಕೆ ಬಳೆ, ಕಾಲ್ಗಡಗ.

ಶಿಲ್ಪಿಯು ಕಂಡದ್ದನ್ನೇ ಕಡೆದನೋ, ದೇವತೆಗೆ ಒಪ್ಪುವದೆಂದು ಸಂಪ್ರದಾಯದಂತೆ ತೊಡಿಸಿದನೋ ಎಂಬ ಸಂಶಯ ಸಹಜವಾದದ್ದೇ. ಆದರೂ ಅವನು ತೊಡಿಸದೆ ಬಿಟ್ಟದ್ದರಿಂದಲೂ ಇತಿಹಾಸ ತಿಳಿಯುವದುಂಟು. ಇದನ್ನು ನನಗೆ ತೋರಿಸಿಕೊಟ್ಟವಳು ಅಕ್ಷರ ಬಾರದ ನಮ್ಮವ್ವ. ಜಾತ್ರೆಗೆಂದು ಬನಶಂಕರಿಗೆ ಹೋದಾಗ ಅವಳನ್ನು ಗುಹೆಗಳಿಗೂ ಕರೆದೊಯ್ದಿದ್ದೆ. ಬಹಳ ಹೊತ್ತು ನೋಡಿ, “ಇವರ್ಯಾರ ಮೂಗಿನ್ಯಾಗೂ ಮೂಗುತಿ ಇಲ್ಲಲ್ಲೋ ತಮ್ಮಾ?” ಎಂದಳು. ನಾನು ತಿರುಗಿ ಹೋಗಿ ಒಂದೊಂದೇ ಮುಖವನ್ನು ನೋಡಿದೆ. ನಿಜವೇ!

ಮುಂದೆ ಓದಿದಾಗ ತಿಳಿಯಿತು: ಪುಣೆಯ ಭಾಂಡಾರಕರ ಸಂಸ್ಥೆಯ ಪಿ. ಕೆ. ಗೋಡೆಯವರು ಈ ವಿಷಯವನ್ನೇ ಶೋಧಿಸಿ, ಕ್ರಿ. ಶ. 1000ಕ್ಕಿಂತ ಮೊದಲು ಈ ದೇಶದಲ್ಲಿ ಮೂಗಿನ ಆಭರಣಕ್ಕೆ ಆಧಾರ ಸಿಗದೆಂದು ಬರೆದಿದ್ದಾರೆ. ಮನೆಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಅವಳು ಒಪ್ಪಲಿಲ್ಲ. “ಮೂಗುತಿ ಇಲ್ಲದ ಮುತ್ತೈದಿ ಎಲ್ಲರೆ ಇರ್ತಾಳೇನು? ಕೆತ್ತಾಂವ ಮರತಿರಬೇಕು” ಅಂದಳು.