ಹಾವುಗಿಡುಗಗಳು: ಜುಟ್ಟಿನದು, ಜುಟ್ಟಿಲ್ಲದ್ದು

ಎರಡೂ ಅಕ್ಸಿಪಿಟ್ರಿಡೇ ಕುಟುಂಬದವು. ಮುಖ್ಯ ಆಹಾರ ಹಾವು. ಜುಟ್ಟಿನ ಹಾವುಗಿಡುಗ (ಸ್ಪೈಲಾರ್ನಿಸ್ ಚೀಲಾ) ಮರಗಾಡಿನ ಹಕ್ಕಿ. ಮಾಗಡಿಯ ಸಾವನದುರ್ಗ, ಕನಕಪುರದಾಚೆಯ ಕಾವೇರಿ ವನ್ಯಧಾಮ ಅದಕ್ಕೆ ಒಪ್ಪುವ ನೆಲೆ. ಕಣ್ಣು-ಕೊಕ್ಕಿನ ನಡುವೆ ಹಳದಿ ಬೋಳುಚರ್ಮ. ಹಾರುವಾಗ ರೆಕ್ಕೆಯಡಿ ಅಗಲ ಬಿಳಿಪಟ್ಟಿ. ಕೂಗೇ ಅದರ ಇರುವಿಕೆಯ ಸುಳಿವು ಕೊಡುತ್ತದೆ.

ಇನ್ನೊಂದು, ಸರ್ಸೀಟಸ್ ಗ್ಯಾಲಿಕಸ್, ಕುರುಚಲು, ಬಯಲಿನದು. ಜುಟ್ಟಿಲ್ಲ, ಗೂಬೆಯಂಥ ದಪ್ಪ ತಲೆ, ಹಳದಿ ಕಣ್ಣು, ಬಿಳಿಚಿದ ಹೊಟ್ಟೆ. ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು ಬೇಟೆ ಹುಡುಕುತ್ತದೆ.

ಎರಡೂ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತವೆ. ಹಾವಿನ ಕಡಿತದಿಂದ ಕಾಯುವುದು ಕಾಲಿನ ಗಡುಸು ಹುರುಪೆ.

ಗೊಂದಲ ಬೇಡ: ರಾಮನಗರದ ರಾಮದೇವರಬೆಟ್ಟ ಧಾಮ (2012) ಘೋಷಣೆಯಾದದ್ದು ಇವುಗಳಿಗಲ್ಲ, ರಣಹದ್ದುಗಳಿಗೆ.