ಕುರ್ಚಿ ಎಲ್ಲಿ ಹಾಕುತ್ತೀ?

ಮೊಮ್ಮಗಳ ಸಾಕರ್ ತಂಡಕ್ಕೆ ನಿನ್ನನ್ನೇ ಮ್ಯಾನೇಜರ್ ಮಾಡಿದ್ದಾರೆಂದು ನಿಮ್ಮಮ್ಮ ಮೈಸೂರಿನಿಂದ ಫೋನ್ ಮಾಡಿ ಹೆಮ್ಮೆಪಟ್ಟರು. ನನಗೆ ನಗು ಬಂತು ಕಣೇ. ಪೇರೆಂಟ್ಸ್ ಮೀಟಿಂಗಿನಲ್ಲಿ ಉಳಿದವರೆಲ್ಲ ನೆಲ ನೋಡುತ್ತಿದ್ದಾಗ ನೀನೊಬ್ಬಳು ತಲೆ ಎತ್ತಿರಬೇಕು. ಈ ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷ ನಾನೂ ಹಾಗೇ ಸಿಕ್ಕಿಬಿದ್ದವಳು.

ಆಟ ಕಲಿಸುವುದು ಕೋಚ್ ಕೆಲಸ, ಮಿಕ್ಕಿದ್ದೆಲ್ಲ ನಿನ್ನ ತಲೆಗೆ. ರೆಫರಿಗೆ ಆಟಗಾರರ ಕಾರ್ಡು ತೋರಿಸು, ಟೂರ್ನಮೆಂಟಿಗೆ ದುಡ್ಡು ಕಟ್ಟು, ಕಿತ್ತಳೆ ಹೋಳು ತರುವ ಸರದಿ ಯಾರದೆಂದು ನೆನಪಿಸು. ಕನ್ನಡ ಕೂಟದ ಯುಗಾದಿ ಊಟಕ್ಕೆ ಇನ್ನೂರು ಜನರ ಲೆಕ್ಕ ಹಾಕಿದವಳಿಗೆ ಇದೇನು ಮಹಾ! ದುಡ್ಡಿನ ಲೆಕ್ಕ ಮಾತ್ರ ಎಲ್ಲರ ಕಣ್ಣಿಗೂ ಬೀಳುವಂತಿರಲಿ. ಯಾರಾದರೂ ಫೀಸು ಕೊಡಲು ತಡಮಾಡಿದರೆ ಗುಂಪಿನಲ್ಲಿ ಹೆಸರು ಹಾಕಬೇಡ, ಬೇರೆಯಾಗಿ ಫೋನ್ ಮಾಡು. ಯಾರ ಮನೆಯಲ್ಲಿ ಯಾರ ಕೆಲಸ ಹೋಗಿದೆಯೋ ನಮಗೇನು ಗೊತ್ತು?

ಇನ್ನು ಮ್ಯಾನೇಜರ್ ಕೈಯಲ್ಲಿ ಸದಾ ಇರಬೇಕಾದ ಫೋಲ್ಡರ್. ಅದರೊಳಗೆ ಪ್ರತಿ ಮಗುವಿನ ಚಿಕಿತ್ಸೆಗೆ ಹೆತ್ತವರು ಸಹಿ ಮಾಡಿದ ಒಪ್ಪಿಗೆ ಪತ್ರವಿರುತ್ತದೆ. ಯಾರದೋ ಕಾರಿನಲ್ಲಿ ಬಂದ ಮಗು ಬಿದ್ದು ಕೈ ಮುರಿದುಕೊಂಡು, ಅಪ್ಪ ಅಮ್ಮ ಇಬ್ಬರೂ ಫೋನಿಗೆ ಸಿಗದಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಯಾರಿಗೆ ಕಡಲೆಕಾಯಿ ಆಗದು, ಯಾರ ಚೀಲದಲ್ಲಿ ಇನ್‌ಹೇಲರ್ ಇದೆ, ಇದೆಲ್ಲ ನಿನಗೆ ಬಾಯಿಪಾಠವಾಗಿರಬೇಕು. ಹತ್ತು ವರ್ಷದವರೆಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯಬಾರದೆಂದು ಅಮೆರಿಕದ ಸಾಕರ್ ಫೆಡರೇಷನ್ 2015ರಲ್ಲೇ ಹೇಳಿದೆ. ಆದರೂ 'ನಾವೆಲ್ಲ ಆಡಲಿಲ್ಲವೇ' ಎನ್ನುವ ಅಪ್ಪ ಒಬ್ಬನಾದರೂ ಇರುತ್ತಾನೆ. ತಲೆಗೆ ಪೆಟ್ಟು ಬಿತ್ತೆಂಬ ಅನುಮಾನ ಬಂದರೆ ಸಾಕು, ಫೈನಲ್ ಆದರೂ ಆ ಮಗು ಅಂದು ಮತ್ತೆ ಆಡಕೂಡದು. ಗುಡುಗಿದರೆ ಎಲ್ಲರೂ ಕಾರಿನೊಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಎಣಿಸು.

ಮಕ್ಕಳಿಗೆ ನೇರವಾಗಿ ಮೆಸೇಜು ಕಳಿಸಬೇಡ, ಅವರ ಅಪ್ಪನಿಗೋ ಅಮ್ಮನಿಗೋ ಹೋಗಲಿ. ನಿನ್ನ ಮೇಲೆ ಸಂಶಯವೆಂದಲ್ಲ. ಆಟದ ಮೈದಾನಗಳಲ್ಲಿ ಮಕ್ಕಳಿಗೆ ಏನೇನು ಆಗಿಹೋಗಿದೆಯೋ ಅದನ್ನು ನೋಡಿಯೇ ಆ ನಿಯಮ ಬಂದದ್ದು.

ನಾನು ಎಡವಿದ್ದು ಬೇರೆಡೆ. ಹತ್ತರೊಳಗಿನವರ ಆಟದಲ್ಲಿ ಒಂದು ಕಡೆಗೆ ಏಳೇ ಜನ. ತಂಡದಲ್ಲಿ ಹನ್ನೆರಡು ಮಕ್ಕಳಿದ್ದರೆ ಯಾವಾಗಲೂ ಐವರು ಹೊರಗೆ, ಆ ಐವರ ತಾಯಂದಿರ ದೃಷ್ಟಿ ನಿನ್ನ ಮೇಲೆ. 1964ರಲ್ಲಿ ಟಾರೆನ್ಸ್‌ನಲ್ಲಿ ಶುರುವಾದ ಎ.ವೈ.ಎಸ್.ಒ. ಎಂಬ ಮಕ್ಕಳ ಸಾಕರ್ ಸಂಸ್ಥೆಯಂಥ ಕಡೆ ಪ್ರತಿ ಮಗುವೂ ಅರ್ಧ ಆಟವಾದರೂ ಆಡಲೇಬೇಕು. ಕ್ಲಬ್ ತಂಡದಲ್ಲಿ ಸಾಮಾನ್ಯವಾಗಿ ಕೋಚ್ ಹೇಳಿದ್ದೇ ಕೊನೆ. ನಾನೋ, ಕುರ್ಚಿಯನ್ನು ಕೋಚ್ ಪಕ್ಕದಲ್ಲೇ ಹಾಕಿಕೊಂಡು, ಒಂದು ದಿನ ನನ್ನ ಮಗಳನ್ನು ತೋರಿಸಿ ಮೆಲ್ಲಗೆ 'ಇವಳನ್ನು ಮುಂದೆ ಆಡಿಸಿ ನೋಡಬಾರದೇ?' ಅಂದುಬಿಟ್ಟೆ. ಆಡಿಸಿದರು. ಮುಂದಿನ ವಾರ ಕಿತ್ತಳೆ ತರಲು ಒಬ್ಬರೂ ಹೆಸರು ಕೊಡಲಿಲ್ಲ. ಯಾರೂ ಏನೂ ಕೇಳಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು.

ಅದಕ್ಕೇ ಹೇಳುವುದು, ನಿನ್ನ ಕುರ್ಚಿ ಮೈದಾನದ ಆಚೆ ಬದಿಯಲ್ಲಿ ಉಳಿದ ಅಪ್ಪ ಅಮ್ಮಂದಿರ ನಡುವೆ ಇರಲಿ. ಅವರ ಗೊಣಗಾಟ ಕೇಳಿಸಿಕೋ, ಉತ್ತರ ಮಾತ್ರ ಅಲ್ಲೇ ಕೊಡಬೇಡ. ಕೋಚ್ ಜೊತೆ ಮಾತಾಡಬೇಕೆನ್ನುವವರಿಗೆ 'ಇಪ್ಪತ್ತನಾಲ್ಕು ಗಂಟೆ ಕಳೆಯಲಿ' ಅನ್ನು. ಮರುದಿನ ಅರ್ಧಕ್ಕರ್ಧ ಜನ ಮರೆತಿರುತ್ತಾರೆ.

ಅಂದ ಹಾಗೆ, ಮಗಳ ಓಲೆಯನ್ನು ಮನೆಯಲ್ಲೇ ಬಿಚ್ಚಿಸು. ಮೇಲೆ ಟೇಪು ಸುತ್ತಿದರೂ ರೆಫರಿ ಆಡಲು ಬಿಡುವುದಿಲ್ಲ. ನಾನು ಮೈದಾನದಲ್ಲಿ ಬಿಚ್ಚಲು ಹೋಗಿ, ಹುಲ್ಲಿನಲ್ಲಿ ಬಿದ್ದ ಚಿನ್ನದ ತಿರುಪು ಹುಡುಕುತ್ತ ಅರ್ಧ ಆಟ ಕಳೆದೆ. ತಿರುಪೇನೋ ಸಿಕ್ಕಿತು. ತಲೆ ಎತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಗೋಲು ಹೊಡೆದವಳು ನನ್ನ ಮಗಳೇ.