ಅರ್ಥವಾಗದ ಚಿತ್ರವನ್ನು ಕೊಳ್ಳಬಹುದೆ?

ತ್ಯಾಗರಾಜನಗರದ ಮಾನ್ಯ ಓದುಗರೇ,

ನಡುಮನೆಯ ಗೋಡೆಗೆಂದು ಅಮೂರ್ತಚಿತ್ರವೊಂದನ್ನು ಮೆಚ್ಚಿಯೂ, ಅದರ ಅರ್ಥವೇನೆಂದು ನೆಂಟರು ಕೇಳಿದರೆ ನಿರುತ್ತರರಾಗಬೇಕಾದೀತೆಂದು ತಾವು ಹಿಂಜರಿಯುತ್ತಿರುವುದಾಗಿ ಬರೆದಿದ್ದೀರಿ. ಸಾಹಿತ್ಯವೇ ಇಲ್ಲದ ರಾಗಾಲಾಪನೆಗೆ ತಲೆದೂಗುವ ನಾವು, ವರ್ಣರೇಖೆಗಳಿಂದ ಮಾತ್ರ ಕಥೆಯನ್ನು ಬೇಡುವುದು ನ್ಯಾಯವಲ್ಲವೆಂದು ನನ್ನ ಮತ.

ಕೊಳ್ಳುವುದಕ್ಕೆ ಮುನ್ನ, 2009ರಿಂದ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಸೌಧದಲ್ಲಿ ನಡೆಯುತ್ತಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಗಿ, ಒಂದೇ ಚಿತ್ರದೆದುರು ಕಾಲುಗಂಟೆ ನಿಂತು, ಬಣ್ಣದ ಪದರಗಳು ಒಂದರೊಳಗಿಂದೊಂದು ಹೇಗೆ ಇಣುಕುತ್ತವೆ, ಕಣ್ಣು ಎಲ್ಲಿಗೆ ಮರಳಿ ಮರಳಿ ಹೋಗುತ್ತದೆ ಎಂಬುದನ್ನು ಗಮನಿಸಿರಿ. ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ನರ್ತಕರ ಮೈಯನ್ನು ಲಯಬದ್ಧ ರೇಖೆಗಳಿಗೆ ಇಳಿಸಿದ ಪರಿಯನ್ನು ಬಲ್ಲವರಿಗೆ, ವಿ. ಎಸ್. ಗಾಯ್ತೊಂಡೆಯವರ ನಿರಾಕಾರ ವರ್ಣಪಟವೂ ತೀರ ಅಪರಿಚಿತವೆನಿಸದು. ಗಾಯ್ತೊಂಡೆಯವರ ಕೃತಿಗಳು ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋದುವೆಂಬ ವಾರ್ತೆಯನ್ನೋದಿ ಲಾಭದಾಸೆಯಿಂದ ಕೊಳ್ಳಹೊರಡಬೇಡಿ. ಹೊಸ ಕಲಾವಿದರ ಚಿತ್ರಗಳು ಬಹುಪಾಲು ಮರುಮಾರಾಟಕ್ಕೆ ಒದಗುವುದೇ ಇಲ್ಲ.

ಚಿತ್ರಕಲಾ ಪರಿಷತ್ತು ವರ್ಷಾರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನೆರೆಯಿಸುವ ಚಿತ್ರಸಂತೆಯಲ್ಲಿ ಕಲಾವಿದರೊಡನೆಯೇ ಮಾತಾಡಬಹುದು. ಮೂಲಕೃತಿಯೋ ಮುದ್ರಿತ ಪ್ರತಿಯೋ, ತೈಲವರ್ಣವೋ ಅಕ್ರಿಲಿಕ್ಕೋ ಎಂದು ಸಂಕೋಚವಿಲ್ಲದೆ ಕೇಳಿ, ಶೀರ್ಷಿಕೆ, ವರ್ಷ, ಅಳತೆ, ಮಾಧ್ಯಮಗಳನ್ನು ನಮೂದಿಸಿದ ಸಹಿಯುಳ್ಳ ರಸೀದಿಯನ್ನು ಪಡೆಯಿರಿ. (ಸೋಫಾದ ಬಣ್ಣಕ್ಕೊಪ್ಪಬೇಕೆಂಬುದೊಂದೇ ಅಪೇಕ್ಷೆಯಾದರೆ ಒಳ್ಳೆಯ ಪರದೆಯ ಬಟ್ಟೆ ಸಾಕು; ವೆಚ್ಚವೂ ಕಡಮೆ.)

ಪಡುವಣ ಕಿಟಕಿಯ ಎದುರುಗೋಡೆಯನ್ನು ತಾವು ಆರಿಸಿರುವುದು ಮಾತ್ರ ಸರಿಯಲ್ಲ: ನಿತ್ಯದ ಇಳಿಬಿಸಿಲಿಗೆ ಬಣ್ಣ ಮಂಕಾಗುವುದು. ಮಳೆಗಾಲದಲ್ಲಿ ತೇವವೇರುವ ಗೋಡೆಯೂ ಬೇಡ. ಕ್ಯಾನ್‌ವಾಸಿಗೆ ಬೂಷ್ಟು ಹಿಡಿದೀತು.